ಅಪ್ಪನ ದವಡೆಯ ಗಂಟು

ಮಾರ್ಚ್ 4
ಎಂದಿನಂತೆ ಮಾರುಕಟ್ಟೆಯ ಗೇಟಿನಲ್ಲಿ ತಂಬಾಕು ವಿರೋಧಿ ಕರಪತ್ರ ಹಂಚಿದೆ. ಅರ್ಧದಷ್ಟು ಪೊಟ್ಟಣ ಕಟ್ಟಲು ಹೋದವು. ಇರಲಿ.
ಒಳಗೆ ಅಪ್ಪ ತರಕಾರಿ ಹರಾಜು ಕೂಗುತ್ತಿದ್ದ. ಕೆಳಗಿನ ಹಲ್ಲುಸೆಟ್ ಕೂರುವುದಿಲ್ಲವೆಂದು ಜೇಬಿನಲ್ಲಿ, ಕೂಗೆಲ್ಲ ಬರೀ ಗಾಳಿ. ಮಂಡಿಯ ಸಾಹುಕಾರ ಹೇಳಿಯೇಬಿಟ್ಟ: “ಮಳೆಗಾಲದೊಳಗೆ ಬಾಯಿ ಸರಿ ಮಾಡ್ಕೊಳ್ಳಿ. ಇಲ್ಲಾಂದ್ರೆ ಬೇರೆ ಕೂಗೋನ್ನ ನೋಡ್ತೀನಿ.”

ಮಾರ್ಚ್ 6, ರಾತ್ರಿ
ಕರಪತ್ರದಲ್ಲಿದ್ದಂತೆ ಕನ್ನಡಿ ಹಿಡಿದು ಬಾಯಿ ನೋಡಿಕೊಂಡೆ. ನಾಲಿಗೆಯ ಕೆಳಗೆ, ಎರಡೂ ಕಡೆ, ಕಲ್ಲಿನಂಥ ಗಂಟು. ಒಂದು ದಿನವೂ ತಂಬಾಕು ಮುಟ್ಟಿದವಳಲ್ಲ...

ಮಾರ್ಚ್ 7
ಹಲ್ಲಿನ ಡಾಕ್ಟರು ಒತ್ತಿ ನೋಡಿದರು, ಎಕ್ಸ್‌ರೇ ತೆಗೆದರು, ನಕ್ಕರು. “ಮೂಳೆ ಕಣಮ್ಮ. ಕ್ಯಾನ್ಸರ್ ಅಲ್ಲ, ಆಗೋದೂ ಇಲ್ಲ. ಎಷ್ಟೋ ಜನಕ್ಕಿರುತ್ತೆ. ತೊಂದ್ರೆ ಕೊಡದಿದ್ರೆ ಮುಟ್ಟೋದೇ ಬೇಡ.”
ಮುಟ್ಟೋದೇ ಬೇಡ! ಕೆಂಪು ಶಾಯಿಯಲ್ಲಿ ಬರೆದು ಗೋಡೆಗೆ ಅಂಟಿಸಿದೆ. ಬೇಡದ ಆಪರೇಷನ್‌ಗಳ ವಿರುದ್ಧ ಮುಂದಿನ ಕರಪತ್ರ ನನ್ನದೇ.

ಮಾರ್ಚ್ 12
ಡಾಕ್ಟರಿಗೆ ಬಾಯಿ ತೋರಿಸಿ ಬಂದ ಅಪ್ಪನಿಗೂ ಅದೇ ಗಂಟು. ಇನ್ನೂ ದಪ್ಪ. “ಆಸ್ತಿ ಬಿಟ್ಟಿಲ್ಲ ಅಂತಿದ್ಯಲ್ಲ, ಇದೇ ತಗೋ” ಎಂದ. ತೆಗೆಸಬೇಕಂತೆ, ಅದೇ ಡಾಕ್ಟರು ಹೇಳಿದ್ದು. ಉರಿದುಹೋಯಿತು. ಒಂದೇ ಮೂಳೆಗೆ ಎರಡು ನಾಲಿಗೆ! “ಬೇಡಪ್ಪ” ಎಂದೆ. ಅಪ್ಪ ಒಪ್ಪಿಕೊಂಡ. ಓದಿದವಳು ನಾನಲ್ಲವೇ.

ಮಾರ್ಚ್ 21
ಸೆಟ್ ಹಾಕಿಕೊಂಡೇ ಕೂಗಲು ಹೋಗಿ, ಗಂಟಿನ ಮೇಲೆ ಉಜ್ಜಿ ಉಜ್ಜಿ ಹುಣ್ಣು. ಅಪ್ಪನಿಗೆ ನೀರೂ ಇಳಿಯುತ್ತಿಲ್ಲ.
ಡಾಕ್ಟರ ಮೇಲೆ ಜಗಳಕ್ಕೇ ಹೋದೆ. ಅವರು ಮೇಜಿನ ಮೇಲೆ ಪೆನ್ನಿಟ್ಟು, ಅದರ ಮೇಲೊಂದು ತಟ್ಟೆಯಿಟ್ಟರು. “ಕೂರುತ್ತಾ? ನಿನ್ನ ಬಾಯಲ್ಲಿ ಬರೀ ಪೆನ್ನು ಕಣಮ್ಮ. ನಿಮ್ಮಪ್ಪಂಗೆ ಅದರ ಮೇಲೆ ತಟ್ಟೆ, ಅಂದ್ರೆ ಹಲ್ಲುಸೆಟ್ಟು, ಕೂರಬೇಕು.”

“ತೆಗೆಸ್ಕೊಂಡ್ಬಿಡಪ್ಪ” ಎಂದೆ, ಮನೆಗೆ ಬಂದು.
“ಯಾಕೆ, ಕ್ರಾಂತಿ ಮುಂದಕ್ಕೆ ಹೋಯ್ತಾ?”

ಏಪ್ರಿಲ್ 10
ಹುಣ್ಣು ಮಾಯ್ದ ಮೇಲೆ, ನಿನ್ನೆ ಆಪರೇಷನ್. ಕೆನ್ನೆ ಊದಿದೆ. ಮಾತಾಡಬೇಡ ಎಂದರೆ ಕೈಸನ್ನೆಯಲ್ಲೇ ಹರಾಜು ಹಾಕುತ್ತಾನೆ — ನನ್ನ ಕರಪತ್ರಗಳನ್ನು.

ಮೇ 30, ಬೆಳಿಗ್ಗೆ
ಮೋಡ ಕಟ್ಟಿದೆ. ಗೇಟಿನಲ್ಲಿ ಕೂತಿದ್ದೇನೆ. ಅಪ್ಪ ಹೊಸ ಸೆಟ್ ಹಾಕಿಕೊಂಡು ಒಳಗೆ ಹೋದ. ಸಾಹುಕಾರ ಕೈಕಟ್ಟಿ ನಿಂತಿದ್ದಾನೆ. ನೋಡಲಾರೆ. ಹೊಸ ಕರಪತ್ರವನ್ನಾದರೂ ಬರೆಯೋಣ: ‘ತೊಂದರೆ ಕೊಡದ ಗಂಟನ್ನು ಮುಟ್ಟಬೇಡಿ. ಕೊಟ್ಟರೆ, ಹಟ ಬಿಟ್ಟು...’
ಅಪ್ಪನ ದನಿ! ಗೇಟಿನ ತನಕ ಕೇಳುತ್ತಿದೆ! ಒಂದೊಂದು ಅಕ್ಷರವೂ ಸ್ಪಷ್ಟ—