ಕಿತ್ತಳೆ ಪೆಟೂನಿಯಾ

ಲೊಯಿಮಾ, ಫಿನ್‌ಲ್ಯಾಂಡ್
೩೦ ಮೇ ೨೦೧೭

ತಮ್ಮ ಇಲ್ಪೊ,

ಹೆಸರಿನ ಮುಂದೆ ‘ಪ್ರೀತಿಯ’ ಎಂದು ಬರೆಯಲು ಈ ಸಲ ಕೈ ಬರಲಿಲ್ಲ. ನಿನ್ನ ಮಂಡಿನೋವು ಹೇಗಿದೆ? ಅಮ್ಮ ಕೇಳು ಅಂದಳು, ಕೇಳಿದ್ದೇನೆ. ಅವಳ ರಕ್ತದೊತ್ತಡದ ಸಂಗತಿ ನಿನಗೆ ಬೇಕಿರಲಾರದು.

ನಿನ್ನ ಆಹಾರ ಸುರಕ್ಷತಾ ಇಲಾಖೆಯ ಹುಡುಗಿ ನಿನ್ನೆ ಬಂದಿದ್ದಳು. ಬೇಸಿಗೆಗೆ ಊರವರ ಸಮಾಧಿಗಳ ಮೇಲೆ ನೆಡಲೆಂದು ಅಮ್ಮ ಗಾಜಿನಮನೆಯಲ್ಲಿ ಬೆಳೆಸಿದ್ದ ಮುನ್ನೂರು ಕಿತ್ತಳೆ ಬಣ್ಣದ ಪೆಟೂನಿಯಾಗಳನ್ನೂ ನಾಶಮಾಡಬೇಕೆಂಬ ಆದೇಶ ತಂದಿದ್ದಳು. ಯಾವುದೋ ಕಾಲದಲ್ಲಿ, ಯಾವುದೋ ಪ್ರಯೋಗಾಲಯದಲ್ಲಿ ಈ ಹೂವಿಗೆ ಮೆಕ್ಕೆಜೋಳದ ವಂಶವಾಹಿ ಸೇರಿಸಿದ್ದರಂತೆ. ಅಂಗಡಿಯಲ್ಲಿ ಬೀಜದ ಪೊಟ್ಟಣ ಕೊಂಡವಳಿಗೆ ಅದು ಹೇಗೆ ತಿಳಿಯಬೇಕು? “ಇದ್ರಿಂದ ಯಾರಿಗಾದ್ರೂ ಏನಾದ್ರೂ ಆಗುತ್ತೇನಮ್ಮಾ?” ಎಂದು ಅಮ್ಮ ಕೇಳಿದಳು. “ಏನೂ ಆಗಲ್ಲಮ್ಮ. ಆದ್ರೆ ಪರ್ಮಿಷನ್ ಇಲ್ಲ.” “ಹಾಗಾದ್ರೆ ಮೊದ್ಲು ಕಾಫಿ ಕುಡಿ. ಹೂವೇನು ಓಡಿಹೋಗಲ್ಲ.”

ಆಮೇಲೆ ಅಮ್ಮ ತಾನೇ ಒಂದೊಂದನ್ನೂ ಬೇರುಸಹಿತ ಕಿತ್ತು ಕಪ್ಪು ಚೀಲಕ್ಕೆ ತುಂಬಿದಳು. ಹುಡುಗಿ ಹೊರಡುವಾಗ ಉಗಿಸ್ನಾನದ ಸೌನಾ ಕೋಣೆಯ ಹಿಂದಿನಿಂದ ಇನ್ನೂ ಆರು ಕುಂಡ ಹೊತ್ತು ತಂದು, “ಇವನ್ನ ನೀನು ನೋಡ್ಲೇ ಇಲ್ವಲ್ಲೇ” ಎಂದಳು. ಪಕ್ಕದ ಮನೆಯ ವಿಯೆನೊ ಬೇಲಿಯಾಚೆಯಿಂದ, “ತಲೆ ಕೆಟ್ಟಿದೆಯೇನೇ ಹಿಲ್ಕಾ, ಬಾಯಿ ಮುಚ್ಕೊಂಡಿರೋಕೆ ಆಗ್ಲಿಲ್ವಾ?” ಎಂದು ಬೈದಳು. ಅಮ್ಮ ಏನೆಂದಳು ಗೊತ್ತೇ? “ನನ್ನ ಮಗ ಅದೇ ಇಲಾಖೇಲಿದಾನೆ ಕಣೇ. ಅವನಿಗೆ ಕೆಟ್ಟ ಹೆಸರು ಬರಬಾರ್ದು.”

ಅವಳು ಕೈ ತೊಳೆಯುತ್ತಿದ್ದಾಗ ನಾನು ಆದೇಶದ ಕೊನೆಯ ಪುಟ ಓದಿದೆ. ಪರೀಕ್ಷೆಗೆ ಎಲೆ ಸಿಕ್ಕಿದ ಜಾಗ: ಹೆಲ್ಸಿಂಕಿ, ಅಧಿಕಾರಿಯ ಮನೆಯ ಬಾಲ್ಕನಿ. ಅಮ್ಮಂದಿರ ದಿನದಂದು ಲೋಕದ ಮಕ್ಕಳೆಲ್ಲ ಅಮ್ಮನಿಗೆ ಹೂ ಕೊಟ್ಟರೆ, ನಮ್ಮಮ್ಮ ನಿನಗೆ ಕಳಿಸಿದ ಕುಂಡ ಅದು. ಕಾನೂನು ಬೇಡವೆಂದು ನಾನು ಹೇಳುತ್ತಿಲ್ಲ. ಏನೆಂದು ತಿಳಿಯದ್ದು ಮಣ್ಣಿಗಿಳಿಯದಂತೆ ಯಾರಾದರೂ ಕಾಯಲೇಬೇಕು. ಎಲೆ ಚಿವುಟುವ ಮೊದಲು ಒಂದು ಫೋನ್ ಮಾಡಲು ಯಾವ ಕಾನೂನು ಅಡ್ಡ ಬಂದಿತ್ತು? ಮುನ್ನೂರು ಸಲ ಬಗ್ಗಿ ಎದ್ದ ಆ ಬೆನ್ನನ್ನು ನೀನು ನೋಡಬೇಕಿತ್ತು.

ಅಮ್ಮನ ಆಶೀರ್ವಾದ ಎಂದಿನಷ್ಟೇ ಇದೆ. ನನ್ನ ಕಡೆಯಿಂದ ಸದ್ಯಕ್ಕೆ ಏನೂ ಇಲ್ಲ.

ನಿನ್ನ ಅಕ್ಕ
ವಿರ್ವೆ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಅಮ್ಮ ಗಾಬರಿಯಿಂದ ಬಂದಳು. “ಇಲ್ಪೊ ಹತ್ರಾನೂ ಒಂದು ಕುಂಡ ಇದೆ, ಯಾರಾದ್ರೂ ನೋಡೋ ಮೊದ್ಲು ಕಿತ್ತು ಹಾಕೋಕೆ ಬರಿ, ಪಾಪ, ಅವನ ಕೆಲಸ ಹೋದೀತು” ಎಂದಳು. ಬರೆದಿದ್ದೇನೆ. ಆ ಕೊನೆಯ ಪುಟ ಇನ್ನೂ ನನ್ನ ಬಳಿಯೇ ಇದೆ. ಬಂದು ನೀನೇ ಅವಳಿಗೆ ಓದಿ ಹೇಳು.