ಅಪ್ಪನ ಚಪ್ಪಲಿ, ನನ್ನ ಪುಣ್ಯಕಾರ್ಯ

ಗುಂಡ್ಲುಪೇಟೆ
ಸೋಮವಾರ, ಏಪ್ರಿಲ್ ೮, ೨೦೨೪

ಪ್ರೀತಿಯ ಕರುಣಕ್ಕಾ,

ದೇವರ ಮುಂದೆಯೂ ನಿನ್ನ ಮುಂದೆಯೂ ಒಪ್ಪಿಕೊಳ್ಳುತ್ತೇನೆ: ನಿನ್ನೆ ಚರ್ಚಿನ ಬಾಗಿಲಲ್ಲಿ ಚಪ್ಪಲಿ ಕದ್ದೆ. ಕದ್ದದ್ದು ಪಾದರಕ್ಷೆ, ಉದ್ದೇಶ ಆತ್ಮರಕ್ಷಣೆ. ಆದ್ದರಿಂದ ಶಿಕ್ಷೆ ಹಗುರವಾಗಿರಲಿ. ಅದಿರಲಿ, ನಿನ್ನ ಮಂಡಿನೋವು ಹೇಗಿದೆ? ಭಾವ ಉಪ್ಪಿನಕಾಯಿ ಬಿಟ್ಟರೇ? ಬಿಟ್ಟಿರದಿದ್ದರೆ ಅವರ ರಕ್ತದೊತ್ತಡಕ್ಕೆ ನನ್ನ ನಮಸ್ಕಾರ ತಿಳಿಸು. ಈ ಸುದ್ದಿಯನ್ನು ಫೋನಿನಲ್ಲಿ ಹೇಳುವಂತಿಲ್ಲ, ಅಪ್ಪ ಸದಾ ಪಕ್ಕದಲ್ಲೇ ಇರುತ್ತಾರೆ.

ಅಮ್ಮ ಹೋದಾಗಿನಿಂದ, ಎರಡು ವರ್ಷ, ಅಪ್ಪ ಪ್ರಭುಭೋಜನದ ರೊಟ್ಟಿ, ದ್ರಾಕ್ಷಾರಸ ಮುಟ್ಟಿಲ್ಲವೆಂದು ನಿನಗೆ ಗೊತ್ತು. ಕೊನೆಯ ದಿನ ಗಂಜಿ ಚೆಲ್ಲಿದಳೆಂದು ಅವಳ ಮೇಲೆ ರೇಗಿದ್ದರಲ್ಲ, ಅದೇ ಮುಳ್ಳು. ತಿಂಗಳ ಮೊದಲ ಭಾನುವಾರ ನನ್ನ ಜೊತೆ ಚಾಮರಾಜನಗರದ ಬಸ್ಸು ಹತ್ತುತ್ತಾರೆ, ಸಭಾಪಾಲಕರ ಪ್ರಸಂಗ ಕೇಳುತ್ತಾರೆ, ರೊಟ್ಟಿಯ ಮೇಲಿನ ಬಿಳಿ ಬಟ್ಟೆ ತೆಗೆಯುವ ಹೊತ್ತಿಗೆ ಮೆಲ್ಲಗೆ ಎದ್ದು ಟೀ ಅಂಗಡಿಗೆ. ಕೇಳಿದರೆ, "ಮೊದ್ಲು ನಾನು ನೆಟ್ಗಾಗ್ಬೇಕು ಕಣ್ಲಾ, ಆಮೇಲೆ ನೋಡನ." ನಾವು ನೆಟ್ಟಗಾಗುವುದರಿಂದಲ್ಲ ಅಪ್ಪಾ, ನಂಬಿಕೆಯಿಂದಲೇ ದೇವರು ನಮ್ಮನ್ನು ನೀತಿವಂತರೆನ್ನುವುದು ಎಂದು ಕಾಲೇಜಿನಲ್ಲಿ ಪಾಠ ಮಾಡುವಂತೆಯೇ ವಿವರಿಸಿದೆ. ಕಾಲೇಜಿನ ಹುಡುಗರಂತೆಯೇ ಅವರೂ ಆಕಳಿಸಿದರು. ಎಪ್ಪತ್ತೆಂಟರ ಮನುಷ್ಯ, ಹೀಗೇ ಹೆದರಿಕೊಂಡೇ ಹೋಗಿಬಿಟ್ಟರೆ ಎಂಬುದು ನನ್ನ ಚಿಂತೆ.

ಅದಕ್ಕೇ ನಿನ್ನೆ, ಅವರು ಒಳಗೆ ಕೂತ ಮೇಲೆ, ಕಪ್ಪು ಚಪ್ಪಲಿಯನ್ನು ಕ್ರೋಟನ್ ಕುಂಡದ ಹಿಂದೆ ಬಚ್ಚಿಟ್ಟೆ. ಅಂಗಳದ ಕಲ್ಲು ಕಾದ ಹೆಂಚಾಗಿತ್ತು, ಬರಿಗಾಲಲ್ಲಿ ಟೀ ಅಂಗಡಿ ಮುಟ್ಟುವಂತಿರಲಿಲ್ಲ. ಅಪ್ಪ ಎಂದಿನಂತೆ ಎದ್ದುಹೋದರು, ಸ್ವಲ್ಪ ಹೊತ್ತಿಗೆ ವಾಪಸು ಬಂದರು. ಇದು ಯೋಗ್ಯರಿಗೆ ಕೊಡುವ ಬಹುಮಾನವಲ್ಲ, ಕ್ರಿಸ್ತನು ತನ್ನ ಯೋಗ್ಯತೆಯನ್ನೇ ನಮಗೆ ಹೊದಿಸಿ ಕರೆಯುವ ಊಟ ಎಂದು ಸಭಾಪಾಲಕರು ಹೇಳುತ್ತಿದ್ದರು. ಅಪ್ಪ ನೇರ ಮುಂದೆ ಹೋಗಿ, ಮೊಣಕಾಲೂರಿ, ಎರಡೂ ಕೈ ಒಡ್ಡಿದರು. ಆರಾಧನೆ ಮುಗಿದು ನಾನು ಹೊರಗೆ ಓಡಿದರೆ ಅವರು ಆಗಲೇ ಚಪ್ಪಲಿ ಮೆಟ್ಟಿಕೊಂಡು ನಿಂತಿದ್ದರು, ಯಾರೋ ಹುಡುಕಿಕೊಟ್ಟಿರಬೇಕು. ಚರ್ಚಿನ ಹಿಂದಿನ ಅಮ್ಮನ ಸಮಾಧಿಯ ಹತ್ತಿರ ಹೋಗಿ, "ನನ್ಗೂ ಮಾಫಿ ಸಿಕ್ತು ಕಣಮ್ಮಿ" ಎಂದರು, ಅಷ್ಟೇ. ಬಸ್ಸು ತೆರಕಣಾಂಬಿ ದಾಟುವ ಮೊದಲೇ ನನ್ನ ಭುಜದ ಮೇಲೆ ನಿದ್ದೆ. ಅಂಥ ನಿದ್ದೆಯನ್ನು ಅವರ ಮುಖದಲ್ಲಿ ನೋಡಿ ಎರಡು ವರ್ಷವಾಗಿತ್ತು. ದೇವರಿಗೆ ಸ್ತೋತ್ರ. ಇನ್ನು ಮೇಲೆ ನನ್ನನ್ನು ಬರೀ ಮಾತಿನವನು ಎನ್ನಬೇಡ. ಪ್ರಸಂಗಗಳು ಮಾಡಲಾಗದ್ದನ್ನು ಒಂದು ಜೊತೆ ಚಪ್ಪಲಿಯಲ್ಲಿ ಮಾಡಿದವನು ನಾನು.

ಆತನ ಸಮಾಧಾನ ನಿಮ್ಮ ಮನೆಯ ಮೇಲೂ ಇರಲಿ. ಮಕ್ಕಳಿಗೆ ಮುತ್ತು, ಭಾವನಿಗೆ ಉಪ್ಪಿಲ್ಲದ ಮಜ್ಜಿಗೆ.

ನಿನ್ನ ತಮ್ಮ,
ದೇವರಾಜು

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ನಮ್ಮ ಚರ್ಚಿನ ಹಿರಿಯರಾದ ಸುಧಾಕರ್ ಅವರ ಫೋನು. ನಿನ್ನೆ ಅವರ ಕಪ್ಪು ಚಪ್ಪಲಿ ಕಳವಾಗಿ, ಬರಿಗಾಲಲ್ಲಿ ಮನೆಗೆ ನಡೆದು, ಅಂಗಾಲಲ್ಲಿ ಬೊಬ್ಬೆ ಎದ್ದಿದೆಯಂತೆ. ಅಪ್ಪನನ್ನು ಕೇಳಿದೆ. "ನಂದು ಬಾಗ್ಲಲ್ಲೇ ಇತ್ತಲ್ಲ. ಮೆಟ್ಕಂಡು ಗೇಟ್‌ಗಂಟ ಓದೆ. ನೆಟ್ಗಾಗದು ನನ್ ಕೈಲಿ ಆಗಲ್ಲ ಅನ್ನುಸ್ತು, ತಿರ್ಗಾ ಬಂದ್ಬುಟ್ಟೆ. ಯಾಕ್ಲಾ?" ಅಪ್ಪ ಒಳಗೆ ಬಂದುದರಲ್ಲಿ ನನ್ನದೇನೂ ಇಲ್ಲ ಅಕ್ಕಾ. ಆ ಬೊಬ್ಬೆ ಮಾತ್ರ ಪೂರ್ತಿ ನನ್ನ ಕೆಲಸ.