ಹುಲ್ಲು ಕತ್ತರಿಸುವ ಮುಂಚೆ

ಹಿತ್ತಿಲ ಮೆಟ್ಟಿಲ ಮೇಲಿಂದ,
ಭಾನುವಾರ, ಮೂರನೇ ತಾರೀಕು

ಮಾವನವರಿಗೆ, ನಿಮ್ಮ ಮಗಳ ಗಂಡ ಮಾಡುವ ನಮಸ್ಕಾರಗಳು.

ಮಂಡಿ ನೋವು ಹೇಗಿದೆ? ಮಾಲಿ ಕೆಲಸದಿಂದ ನಿವೃತ್ತರಾದ ಮೇಲೂ ದಿನಾ ಪಾರ್ಕಿಗೆ ಹೋಗಿ ಹೊಸ ಮಾಲಿಗಳನ್ನು ಗದರಿಸಿ ಬರುತ್ತೀರೆಂದು ಇವಳ ಚಿಕ್ಕಮ್ಮ ಹೇಳಿದರು. ಹಾಗಿದ್ದರೆ ಆರೋಗ್ಯ ಗಟ್ಟಿಯಾಗಿಯೇ ಇದೆ ಎಂದುಕೊಂಡಿದ್ದೇನೆ. ನನ್ನ ಕೈಬರಹ ಕಂಡು ಪತ್ರ ಮಡಚಿಡಬೇಡಿ. ಏಳು ವರ್ಷದ ಕೆಳಗೆ ನಾವು ಮದುವೆಯಾಗಿ ನಿಮ್ಮ ಬಾಗಿಲಿಗೆ ಬಂದಾಗ, "ಸೂಜಿ ಹಿಡಿಯೋನಿಗೆ ಮಣ್ಣಿನ ಬೆಲೆ ಏನು ಗೊತ್ತು?" ಎಂದು ಬಾಗಿಲು ಹಾಕಿಕೊಂಡಿರಿ. ಆ ಮಾತು ನಿಜವೇ ಆಗಿತ್ತು. ಈಗ ಚೂರುಪಾರು ಗೊತ್ತಾಗಿದೆ.

ನಾವು ಹೊಸದಾಗಿ ಬಾಡಿಗೆಗೆ ಹಿಡಿದ ಮನೆಯ ಹಿಂದೆ ಹುಲ್ಲುಹಾಸಿದೆ. ಬಂದಾಗ ಹುಲ್ಲು ಮಂಡಿಯುದ್ದ ಬೆಳೆದಿತ್ತು, ಬೇಲಿಗಿಡಗಳು ತಲೆ ಕೆದರಿಕೊಂಡು ನಿಂತಿದ್ದವು. ಇಬ್ಬರೂ ಹೋಗಿ ಬ್ಯಾಟರಿಯಲ್ಲಿ ಓಡುವ ಹುಲ್ಲು ಕತ್ತರಿಸುವ ಯಂತ್ರ, ಉದ್ದ ಹಿಡಿಯ ಕತ್ತರಿ, ಬಾಚಣಿಗೆಯಂಥ ಹಲ್ಲುಗಳಿರುವ ಕೋಲು, ಹಸಿರು ಪೈಪು ಎಲ್ಲ ತಂದೆವು. ನಿಮ್ಮ ಮಗಳು ಒಂದೊಂದನ್ನೇ ಪೆಟ್ಟಿಗೆಯಿಂದ ತೆಗೆದು, ಮಕ್ಕಳನ್ನು ಮಲಗಿಸಿದ ಹಾಗೆ ಮೆಟ್ಟಿಲ ಮೇಲೆ ಸಾಲಾಗಿ ಮಲಗಿಸಿ ನೋಡುತ್ತಾ ಕೂತಳು. ಕತ್ತರಿ ಕಂಡರೆ ನನ್ನ ಕೈ ಸುಮ್ಮನಿರುತ್ತದೆಯೇ? ಬೇಲಿಯನ್ನು ಕೋಟಿನ ಕಾಲರಿನ ಹಾಗೆ ಕತ್ತರಿಸಿದೆ. "ಗುಂಡಿನೂ ಹೊಲಿದುಬಿಡಿ, ಹಾಕ್ಕೊಂಡು ಓಡಾಡಬಹುದು" ಎಂದು ನಕ್ಕಳು.

ಮರುದಿನ ಬೆಳಿಗ್ಗೆ ಯಂತ್ರ ಶುರು ಮಾಡಿದೆ. ಜೇನುಗೂಡಿನ ಗುಂಯ್‌ಗುಡುವಿಕೆಯಂಥ ಸದ್ದು, ಎಳೆಬಿಸಿಲು, ಕತ್ತರಿಸಿದ ಹುಲ್ಲಿನ ಹಸಿ ವಾಸನೆ. ನಡೆಯುತ್ತಿದ್ದೇನೋ ತೇಲುತ್ತಿದ್ದೇನೋ ತಿಳಿಯದು. ಬಟ್ಟೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆದಂತೆ ಸಾಲು ಹಿಡಿದು ಹೋಗುತ್ತಾ ಮೈಮರೆತೆ. ಹಿಂದೆ ಹುಲ್ಲು ಬಾಚುತ್ತಿದ್ದವಳು ಇದ್ದಕ್ಕಿದ್ದಂತೆ "ನಿಲ್ಲಿಸ್ರೀ!" ಎಂದು ಕೂಗಿದಳು. ಚಕ್ರದಿಂದ ಗೇಣು ದೂರದಲ್ಲಿ ಬೊಗಸೆಯಷ್ಟು ಗೂಡು, ಒಳಗೆ ಮೂರು ಮೊಟ್ಟೆ. ತಾಯಿ ಹಕ್ಕಿ ಬೇಲಿಯ ಮೇಲೆ ಚೀರಾಡುತ್ತಿತ್ತು. ಯಂತ್ರ ಆರಿಸಿ ಹಿಂದಕ್ಕೆಳೆದುಕೊಂಡೆ. ಅವಳು ಬೈಯಲಿಲ್ಲ, ಗೂಡಿನ ಎದುರು ಹುಲ್ಲಿನ ಮೇಲೆ ಕೂತಳು. "ಅಪ್ಪ ಆಗಿದ್ರೆ ಮೊದಲು ಬರಿಗಾಲಲ್ಲಿ ಇಡೀ ಹುಲ್ಲು ನಡೆದು ನೋಡ್ತಿದ್ರು" ಅಂದಳು. ಏಳು ವರ್ಷದಲ್ಲಿ ನಿಮ್ಮ ಸುದ್ದಿ ಎತ್ತಿದ್ದು ಅದೇ ಮೊದಲು.

ಗೂಡಿನ ಸುತ್ತ ಚಾಪೆಯಷ್ಟು ಜಾಗ ಬಿಟ್ಟು ಮಿಕ್ಕದ್ದನ್ನು ಕೈಕತ್ತರಿಯಲ್ಲೇ ಮುಗಿಸಿದೆವು. ಆಮೇಲೆ ಹಲವು ವಾರ ನಮ್ಮ ಹಿತ್ತಿಲಿನಲ್ಲಿ ಪಿಸುಮಾತು ಬಿಟ್ಟರೆ ಬೇರೆ ಮಾತಿಲ್ಲ. ಹೋದ ತಿಂಗಳು ಮರಿಗಳು ಹಾರಿದವು. ಕೊನೆಯದು ಬಟ್ಟೆ ಒಣಗಿಸುವ ತಂತಿಗೆ ತಗುಲಿ ಬಿದ್ದು, ಯಾರೂ ನೋಡಿಲ್ಲವೆಂಬಂತೆ ಮೈ ಕೊಡವಿಕೊಂಡು ಮತ್ತೆ ಹಾರಿತು. ಈಗ ನಿಮ್ಮ ಮಗಳು ಪ್ರತಿ ಭಾನುವಾರ ಚಪ್ಪಲಿ ಬಿಟ್ಟು, ಕೈ ಹಿಂದೆ ಕಟ್ಟಿಕೊಂಡು ಇಬ್ಬನಿಯಲ್ಲಿ ಮೆಲ್ಲಗೆ ನಡೆಯುತ್ತಾಳೆ. ಬಿಸಿಲಿನಲ್ಲಿ ಅವಳ ಹೆಜ್ಜೆಯ ಗುರುತು ಒಂದೊಂದಾಗಿ ಆರುವುದನ್ನು ನಾನು ಕಾಫಿ ಹಿಡಿದು ನೋಡುತ್ತೇನೆ. ಅದು ತದ್ರೂಪು ನಿಮ್ಮ ನಡಿಗೆಯಂತೆ, ಚಿಕ್ಕಮ್ಮ ಹೇಳಿದರು. ನಾನು ನಿಮ್ಮನ್ನು ಬಾಗಿಲ ಸಂದಿಯಲ್ಲಷ್ಟೇ ಕಂಡವನು.

ಹುಲ್ಲಿನ ಒಂದು ಮೂಲೆ ಹಳದಿಗಟ್ಟುತ್ತಿದೆ. ನೀರು ಹೆಚ್ಚಾಯಿತೋ ಸಾಲದಾಯಿತೋ, ಬಲ್ಲವರು ನೋಡಿ ಹೇಳಬೇಕು. ಮಂಡಿಯನ್ನು ಬೆಚ್ಚಗಿಟ್ಟುಕೊಳ್ಳಿ.

ನಿಮ್ಮ ಬೈಗುಳವನ್ನೂ ಆಶೀರ್ವಾದವೆಂದೇ ತಿಳಿಯುವ,
ದರ್ಜಿ ಅಳಿಯ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ಈ ತಿಂಗಳ ಇಪ್ಪತ್ತಕ್ಕೆ ಅವಳ ಗಂಟಲಿನ ಗಡ್ಡೆ ತೆಗೆಯುತ್ತಾರೆ. ಜೀವಕ್ಕೆ ಭಯವಿಲ್ಲವಂತೆ, ಆದರೆ ದನಿ ಹೀಗೇ ಉಳಿಯುತ್ತದೆಂದು ಡಾಕ್ಟರು ಮಾತು ಕೊಡುತ್ತಿಲ್ಲ. "ಅಪ್ಪನಿಗೆ ಹೇಳಿದ್ರೆ ನೋಡಿ ಮತ್ತೆ" ಎಂದು ಹೆದರಿಸಿದ್ದಾಳೆ. ಅವಳು ಅಂಗಡಿಗೆ ಹೋಗಿರುವಾಗ ಇಷ್ಟು ಬರೆದೆ. ಇಪ್ಪತ್ತರೊಳಗೆ ಬನ್ನಿ. ಅಳಲಿ, ನಿಮ್ಮ ಜೊತೆ ಮನಸಾರೆ ಜಗಳವಾಡಲಿ. ಈಗಿನ ದನಿಯಲ್ಲೇ ಆಡಲಿ.